ಅಕ್ಕೋರ ಕಾರಿನ ಪರದೆ

ಕುಮಟೆಯ ನಮ್ಮ ಹೈಸ್ಕೂಲಿನಲ್ಲಿ ಅಕ್ಕೋರ ಶ್ರದ್ಧಾಂಜಲಿ ಸಭೆ ನಡೆದಾಗ ಮಾತಾಡಿದವರೆಲ್ಲ ಎರಡು ಸಂಗತಿ ಹೇಳಿದರು. ಮೊದಲನೆಯದು: ನಿವೃತ್ತಿಯಾದ ಮೇಲೆ ಅಕ್ಕೋರಿಗೆ ಇದ್ದಕ್ಕಿದ್ದಂತೆ ಶೋಕಿ ಹತ್ತಿ, ಗುಜರಿಗೆ ಹೋಗಬೇಕಿದ್ದ ಕಾರಿಗೆ ಭಟ್ಕಳದಿಂದ ಟಚ್ ಸ್ಕ್ರೀನ್ ಸ್ಟೀರಿಯೋ ತಂದು ಹಾಕಿಸಿಕೊಂಡರು. ಇದನ್ನು ಹೇಳುವಾಗ ಸಭೆ ಮೆಲ್ಲಗೆ ನಕ್ಕಿತು. ಎರಡನೆಯದು: ಒಂದು ದಿನ ಸಾಕು ಅನ್ನಿಸಿ ತಾವಾಗಿಯೇ ಕಾರಿನ ಕೀಲಿಯನ್ನು ತಮ್ಮನ ಎದುರು ಇಟ್ಟರು, ಆ ದಿನ ಯಾರೂ ಕೇಳಿರಲಿಲ್ಲ, ಎಂಥ ವೈರಾಗ್ಯ. ಇದಕ್ಕೆ ಸಭೆ ತಲೆದೂಗಿತು. ಎದುರು ಸಾಲಿನಲ್ಲಿ ಕುಳಿತಿದ್ದ ಅವರ ತಮ್ಮನೂ ತಲೆದೂಗಿದರು.

ಮೊದಲನೆಯ ಮಾತು ಸುಳ್ಳು, ಅದನ್ನು ತಳ್ಳಿಹಾಕುವುದು ಸುಲಭ. ಎರಡನೆಯದರದ್ದೇ ಕಷ್ಟ. ಅದರಲ್ಲಿ ಹುಡುಕಿದರೂ ಒಂದು ಸುಳ್ಳು ಶಬ್ದ ಸಿಗುವುದಿಲ್ಲ. ಹಾಗಿದ್ದೂ ಅದನ್ನು ನಾನು ಒಪ್ಪಲಾರೆ. ಸುಳ್ಳಿಲ್ಲದ ಮಾತನ್ನೂ ಒಪ್ಪದೆ ಇರಬಹುದು ಎಂದು ನನಗೆ ಕಲಿಸಿದವರು ಅಕ್ಕೋರೇ.

ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತೇವೆ. ಊರಲ್ಲಿ ಅಂಥವರು ಹತ್ತಾರು ಜನ ಇದ್ದರು. ಆದರೂ ಬರೀ ‘ಅಕ್ಕೋರು’ ಎಂದರೆ ಇವರೊಬ್ಬರೇ, ಯಾಕೆಂದರೆ ಕಾರು ಇದ್ದದ್ದು ಇವರೊಬ್ಬರಿಗೇ. ಹೊನ್ನಾವರದ ಡಾಕ್ಟರೊಬ್ಬರು ಬಳಸಿ ಬಿಟ್ಟ ಹಳೇ ಫಿಯಾಟು. ಗೇರು ಸ್ಟೇರಿಂಗಿನ ಪಕ್ಕದಲ್ಲೇ ಇರುವಂಥದು. ಸಮಾಜಶಾಸ್ತ್ರ ಕಲಿಸುತ್ತಿದ್ದರು; ಜೊತೆಗೆ ನಮ್ಮನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡುತ್ತಿದ್ದರು. ಆ ತಯಾರಿ ನಡೆಯುತ್ತಿದ್ದದ್ದು ಕ್ಲಾಸಿನಲ್ಲಲ್ಲ, ಕಾರಿನಲ್ಲಿ. ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟು ಬರಿಗಾಲಲ್ಲೇ ಓಡಿಸುತ್ತಿದ್ದರು. ಯಾಕೆ ಎಂದರೆ, “ಗಾಡಿ ಹೇಳೂದು ಕಾಲಿಗೆ ಕೇಳ್ಬೇಕಲೆ, ನಡುವೆ ಚಪ್ಪಲಿ ಎಂತಕೆ” ಎನ್ನುತ್ತಿದ್ದರು. ನಮ್ಮಲ್ಲಿ ಯಾರಾದರೂ ವಾದದ ನಡುವೆ ‘ಎಲ್ಲರಿಗೂ ಗೊತ್ತಿರುವಂತೆ’ ಎಂದರೆ ಸಾಕು, ಒಮ್ಮೆ ಹಾರ್ನ್ ಒತ್ತುತ್ತಿದ್ದರು. ರಸ್ತೆಯ ಬದಿಯಲ್ಲಿ ಮೀನಿನ ಬುಟ್ಟಿ ಹೊತ್ತು ಹೋಗುತ್ತಿದ್ದ ಹೆಂಗಸರು ಬೆಚ್ಚಿ ತಿರುಗಿ ನೋಡಿ ಬೈಯುತ್ತಿದ್ದರು. “ಕಾಣು, ಅವ್ರಿಗೆ ಗೊತ್ತಿಲ್ಲ. ಎಲ್ಲರಿಗೂ ಎಲ್ಲಿ ಗೊತ್ತಿದೆ?”

ಅವರದೊಂದು ಕಟ್ಟುನಿಟ್ಟಿನ ನಿಯಮವಿತ್ತು. ಭಟ್ಕಳದಲ್ಲಿ ಸ್ಪರ್ಧೆ ಎಂದರೆ ಕುಮಟೆಯಿಂದ ಹೊನ್ನಾವರದವರೆಗೆ ನಮಗೆ ಕೊಟ್ಟ ಪಕ್ಷ ಹಿಡಿದು ವಾದಿಸಬೇಕು. ಶರಾವತಿ ಸೇತುವೆ ದಾಟಿದ ಕೂಡಲೇ ಪಕ್ಷ ಬದಲಿಸಬೇಕು. ಪರ ಇದ್ದವಳು ವಿರೋಧ, ವಿರೋಧ ಇದ್ದವಳು ಪರ. ಒಮ್ಮೆ ನಾನು ಹಟ ಹಿಡಿದೆ. ಯಂತ್ರಗಳು ಮನುಷ್ಯನನ್ನು ಸೋಮಾರಿ ಮಾಡಿವೆ ಎಂಬುದು ವಿಷಯ, ನನ್ನದು ವಿರೋಧ.

“ಅಕ್ಕೋರೆ, ನಾನು ನಂಬದ್ದನ್ನ ಹೇಳೂದಿಲ್ಲ.”

“ನೀ ನಂಬೂದು ಬಿಡೂದು ಭಟ್ಕಳದಲ್ಲಿ ನೋಡ್ವ. ಆಚೆಯವ್ಳು ಅದನ್ನ ಎಂತಕೆ ನಂಬ್ತಾಳೆ, ಅದು ಹೇಳು.”

“ಅವ್ಳು ದಡ್ಡಿ, ಅದ್ಕೆ.”

ಸೇತುವೆಯ ಆಚೆ ಕಾರು ನಿಂತಿತು. “ಇಳಿ ತಂಗಿ. ಬಸ್ಸಿಗೆ ಬಾ.”

ನಾನು ಇಳಿಯಲಿಲ್ಲ, ಆಚೆಯವಳ ಪರವಾಗಿ ಬಾಯಿ ಬಿಟ್ಟೆ. ಮುರ್ಡೇಶ್ವರದ ತಿರುವು ಬರುವಷ್ಟರಲ್ಲಿ ಆ ದಡ್ಡಿಯ ಮಾತಿನಲ್ಲಿ ಸುಮಾರು ತೂಕವಿದೆ ಎಂದು ನನಗೇ ಅನ್ನಿಸತೊಡಗಿತು. ಅಕ್ಕೋರು ಕನ್ನಡಿಯಲ್ಲಿ ನನ್ನ ಮುಖ ನೋಡಿ, “ಮೊದಲ ಅನುಮಾನ ನಿನ್ನ ಮೇಲೇ ಇರ್ಲಿ. ಆಮೇಲೆ ಲೋಕದ ಮೇಲೆ” ಎಂದರು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ನಾನು ಆ ಮಾತನ್ನು ಸ್ಪರ್ಧೆ ಗೆಲ್ಲುವ ಉಪಾಯ ಎಂದುಕೊಂಡೆ. ಅವರು ಅದನ್ನು ಬದುಕುವ ರೀತಿ ಎಂದುಕೊಂಡಿದ್ದರು.

ಅವರು ಒಪ್ಪಿಕೊಂಡದ್ದನ್ನು ಊರಲ್ಲಿ ಯಾರೂ ಕಂಡವರಿಲ್ಲ. ಹಾಲಿನವನು ಇವತ್ತು ಸೆಕೆ ಜಾಸ್ತಿ ಎಂದರೆ, “ನಿಂಗೆ ಸೈಕಲ್ ತುಳಿದು ಸೆಕೆ” ಎನ್ನುವರು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದ ಹೊಸ ಹೆಡ್‌ಮಾಸ್ತರಿಗೆ, “ನೀವು ಎಂತಕೆ ಆದ್ರಿ ಮಾಸ್ತರೆ? ಮೊದ್ಲು ಆದವ್ರು ಕಾರಣ ಕೊಡ್ಬೇಕು” ಎಂದಿದ್ದರು.

ನಿವೃತ್ತಿಯಾದ ಮೇಲೆ ಅವರ ಕುತ್ತಿಗೆ ಹಿಡಿದುಕೊಂಡಿತು. ಡಾಕ್ಟರು ಪಟ್ಟಿ ಹಾಕಿದರು, ತೆಗೆದರು, ಮತ್ತೆ ಹಾಕಿದರು. ತಲೆ ಎಡಕ್ಕೂ ಬಲಕ್ಕೂ ಹೊರಳುವುದು ನಿಂತೇಹೋಯಿತು. ಮುಂದಕ್ಕೆ ಓಡಿಸಲು ಅಡ್ಡಿಯಿರಲಿಲ್ಲ. ತೊಂದರೆ ಇದ್ದದ್ದು ಮನೆಯ ಓಣಿಯಲ್ಲಿ. ಅದು ಒಂದೇ ಕಾರು ಹಿಡಿಯುವಷ್ಟು ಅಗಲದ್ದು. ಎರಡೂ ಬದಿಗೆ ಒಂದೇ ಥರದ, ಪಾಚಿ ಹಿಡಿದ ಚಿರೆಕಲ್ಲಿನ ಗೋಡೆ. ಒಂದು ಇವರದು, ಇನ್ನೊಂದು ಆಚೆ ಮನೆಯವರದು. ತಿರುಗಿಸಲು ಜಾಗವಿಲ್ಲ, ಇಡೀ ಓಣಿಯನ್ನು ಹಿಂದಕ್ಕೇ ಬಂದು ರಸ್ತೆ ಸೇರಬೇಕು. ಒಂದೇ ಮನೆಯಲ್ಲಿದ್ದ ಅವರ ತಮ್ಮ ಕಾರಿನ ಹಿಂದೆ ನಿಂತು ಬಸ್ ಕಂಡಕ್ಟರನಂತೆ “ಬರ್ಲಿ, ಬರ್ಲಿ, ಹೋಲ್ಡ್” ಎಂದು ಕೂಗಬೇಕು. ಓಣಿಯ ಮಕ್ಕಳೆಲ್ಲ ಜೊತೆಗೆ ಕೂಗುತ್ತಿದ್ದವು. ಬೇರೆಯವರ ಮಾತನ್ನು ಒಂದು ಸಲವೂ ಒಪ್ಪದೆ ಬದುಕಿದ ಹೆಂಗಸು ದಿನಾ ಬೆಳಿಗ್ಗೆ ಕಾಣದ ಜಾಗದಿಂದ ಬರುವ ‘ಬರ್ಲಿ’ಯನ್ನು ನಂಬಿ ಕ್ಲಚ್ಚು ಬಿಡಬೇಕಾಗಿತ್ತು.

ತಮ್ಮನೂ ಕೆಟ್ಟವರಲ್ಲ. ಸೊಸೈಟಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಮಾತು ಕಡಿಮೆ, ಹೆದರಿಕೆ ಜಾಸ್ತಿ. ಕಾರು ಓಡಿಸಲು ಬರುತ್ತಿತ್ತು, ಆದರೆ ತೀರಾ ಅಗತ್ಯ ಬಿದ್ದರೆ ಮಾತ್ರ ಮುಟ್ಟುತ್ತಿದ್ದರು. ಒಂದು ದಿನ ಜಗಲಿಯಲ್ಲಿ ನಾನಿದ್ದಾಗಲೇ ಹೇಳಿದರು:

“ಅಕ್ಕಾ, ನಾನಿಲ್ಲದ ದಿನ ಎಂತ ಮಾಡ್ತೆ? ಕೊಟ್ಬಿಡ್ವ ಮಾರಾಯ್ತಿ. ಬೇಕಾದಾಗ ರಿಕ್ಷಾ ಕರೆದ್ರಾತು.”

“ರಿಕ್ಷಾದವ ನಾ ಹೇಳಿದಲ್ಲಿ ಬಿಡ್ತಾನೆ. ನಡು ದಾರಿಯಲ್ಲಿ ನಂಗೆ ಮನಸ್ಸು ತಿರುಗಿದ್ರೆ ತಿರುಗಿಸ್ತಾನಾ?”

“ನಿನ್ನ ಹತ್ರ ವಾದ ಮಾಡೂಕೆ ನಂಗೆ ಬರೂದಿಲ್ಲ. ಯಾರ ಸಹಾಯ ಇಲ್ದೇ ಓಣಿಯಿಂದ ಹಿಂದೆ ತೆಗೀತೆ ಅಂದ್ರೆ ಓಡ್ಸು. ಆಗೂದಿಲ್ಲ ಅಂದ್ರೆ ಮಾರ್ವ.”

ಅಕ್ಕೋರು “ಆತು” ಎಂದರು.

ಟಚ್ ಸ್ಕ್ರೀನಿನ ಕತೆ ಶುರುವಾದದ್ದು ಹೀಗೆ, ಶೋಕಿಯಿಂದಲ್ಲ. ಗಲ್ಫಿನಿಂದ ರಜೆಗೆ ಬಂದವರ ಕಾರುಗಳಲ್ಲಿ ಆಗ ಹೊಸ ಥರದ ಸ್ಟೀರಿಯೋ ಕಾಣಿಸಿಕೊಳ್ಳುತ್ತಿತ್ತು. ಹಾಡು, ಸಿನಿಮಾ ಎಲ್ಲ ಅದರಲ್ಲೇ. ಜೊತೆಗೆ ಹಿಂಬದಿಗೊಂದು ಕ್ಯಾಮೆರಾ ಸಿಕ್ಕಿಸಿದರೆ ಕಾರಿನ ಹಿಂದಿರುವುದೂ ಅದೇ ಪರದೆಯ ಮೇಲೆ ಕಾಣುತ್ತದೆ. ಅಕ್ಕೋರಿಗೆ ಬೇಕಾದದ್ದು ಆ ಕೊನೆಯ ಒಂದು ಸಂಗತಿ ಮಾತ್ರ. ನಾನಾಗ ಕುಮಟೆಯಲ್ಲಿ ವಕೀಲರೊಬ್ಬರ ಕೈಕೆಳಗೆ ಕೆಲಸ ಕಲಿಯುತ್ತಿದ್ದೆ. ಫೋನು ಬಂತು: “ಭಟ್ಕಳಕ್ಕೆ ಹೋಗ್ವ, ಬಾ. ಎದುರು ಮಾತಾಡೂಕೆ ಒಬ್ರು ಬೇಕು.”

ಹೊನ್ನಾವರದವರೆಗೆ ಅವರು ಪರ, ನಾನು ವಿರೋಧ. ನನ್ನ ವಾದ ಗಟ್ಟಿಯಾಗಿಯೇ ಇತ್ತು. ಹಳೇ ರೇಡಿಯೋಗೆ ತಿರುಪು ಗುಂಡಿ ಇದೆ, ರಸ್ತೆ ನೋಡುತ್ತಲೇ ಬೆರಳಿಂದ ಹುಡುಕಬಹುದು. ಪರದೆಗೆ ಗುಂಡಿಯೇ ಇಲ್ಲ, ಕಣ್ಣು ತೆಗೆಯಲೇಬೇಕು. ನಮ್ಮ ಬಿಸಿಲಿಗೆ ಅದರ ಮೇಲೆ ಏನೂ ಕಾಣಲಿಕ್ಕಿಲ್ಲ. ಬ್ಯಾಟರಿ ಮುದಿ. ಉಪ್ಪುಗಾಳಿಗೆ ಕ್ಯಾಮೆರಾ ಎಷ್ಟು ದಿನ ಬಾಳೀತು? ಒಟ್ಟಿನಲ್ಲಿ ಕಾರಿಗಿಂತ ಸ್ಟೀರಿಯೋ ಮೇಲಾದಂತೆ ಆಗುತ್ತದೆ. ಅಕ್ಕೋರು ಒಂದೊಂದಕ್ಕೂ ಉತ್ತರ ಕೊಟ್ಟರು. ಗಾಜು ಮಸುಕಾದರೆ ಸೆರಗಿನಿಂದ ಒರೆಸುತ್ತೇನೆ, ಬ್ಯಾಟರಿ ಮುದಿಯಾದರೆ ನಾನೂ ಮುದಿಯೇ. ಕೊನೆಗೆ, “ನಂಗೆ ಹಾಡು ಬೇಡ, ಸಿನಿಮಾ ಬೇಡ. ನನ್ನ ಬೆನ್ನಿನ ಹಿಂದೆ ಎಂತ ಇದೆ ಅಂತ ಬೇರೆಯವ್ರು ಹೇಳೂದು ಸಾಕಾತು” ಎಂದರು.

ಸೇತುವೆ ಬಂತು. ಈಗ ನಾನು ಪರ, ಅವರು ವಿರೋಧ. ಅವರು ಬರಿಗಾಲನ್ನು ಆಕ್ಸಿಲರೇಟರ್ ಮೇಲಿಂದ ಸ್ವಲ್ಪ ಸಡಿಲಿಸಿ ಬಹಳ ಮೆತ್ತಗೆ ಮಾತಾಡಿದರು.

“ಆ ಕ್ಯಾಮೆರಾ ಹಿಂದೆ ಇದ್ದದ್ದನ್ನ ತೋರಿಸ್ತದೆ. ಪಕ್ಕದ ಗೇಟಿಂದ ಓಡಿ ಬರೂ ಮಗು ಅದ್ರಲ್ಲಿ ಕಾಣೂದು ಎಲ್ಲಾ ಮುಗಿದ ಮೇಲೆ. ತಿರುಗಿ ನೋಡೂಕೆ ಆಗದ ಹೆಂಗಸು ಕೀಲಿ ಹಿಡ್ಕಂಡು ಕೂತ್ರೆ, ಅವ್ಳು ತನ್ನ ಹಟಕ್ಕೆ ಓಣಿಯ ಮಕ್ಕಳನ್ನ ಒತ್ತೆ ಇಡ್ತಾಳೆ. ಇದಕ್ಕೆ ಎಂತ ಹೇಳ್ತೆ?”

ನಾನು, “ಹಂಗಾರೆ ಗಾಡಿ ತಿರುಗಿಸ್ವ ಅಕ್ಕೋರೆ. ನೀವೇ ಗೆದ್ರಲ್ಲ” ಎಂದೆ.

“ವಾದ ಸೋತ್ರೆ ಬೇಕಾದದ್ದು ಬೇಡ ಆಗ್ತದಾ?” ಎಂದರು. ಕಾರು ಭಟ್ಕಳದ ಕಡೆಗೇ ಹೋಯಿತು.

ಅಂಗಡಿಯ ಭಾಯಿ ದೊಡ್ಡ ಪರದೆಯದೊಂದನ್ನು ಮೊದಲು ಇಟ್ಟ. ಅದನ್ನು ಕೂರಿಸಬೇಕಾದರೆ ಕಾರಿನ ಮುಂದಿನ ಹಲಗೆಯನ್ನೇ ಕೊಯ್ಯಬೇಕು ಎಂದು ತಿಳಿದ ಕೂಡಲೇ ಅಕ್ಕೋರು ಅದನ್ನು ಹಿಂದಕ್ಕೆ ತಳ್ಳಿದರು. ಎರಡನೆಯದು ಹಳೇ ರೇಡಿಯೋದ ಕಂಡಿಯಲ್ಲೇ ಕೂರುವಂಥದು. ಗುಂಡಿ ಒತ್ತಿದರೆ ಪರದೆ ನಾಲಗೆಯಂತೆ ಹೊರಗೆ ಬಂದು ಮೇಲಕ್ಕೆ ಎದ್ದು ನಿಲ್ಲುತ್ತದೆ.

“ಮುಟ್ಟಿ ಟೀಚರ್. ಹೆದರಬೇಡಿ.”

ಅಕ್ಕೋರು ಕರೆಗಂಟೆ ಒತ್ತುವ ಹಾಗೆ ಒತ್ತಿದರು. ಏನೂ ಆಗಲಿಲ್ಲ.

“ಅಷ್ಟು ಜೋರು ಬ್ಯಾಡ. ಉಗುರು ತಾಗಿಸಿ ಸಾಕು. ಈಗ ನೋಡಿ, ಗಾನಾ, ಪಿಚ್ಚರ್, ಎಲ್ಲ ಬರ್ತದೆ.”

“ಅದೆಲ್ಲ ತೆಗೆದು ಬರೀ ಕ್ಯಾಮೆರಾ ಇದ್ದದ್ದು ಇಲ್ವಾ?”

“ಟೀಚರ್, ಹಾಡೇ ಇಲ್ಲದ ಸ್ಟೀರಿಯೋ ಕೇಳಿದವ್ರು ನೀವೇ ಮೊದಲು” ಎಂದು ಭಾಯಿ ನಕ್ಕ. ಅಕ್ಕೋರೂ ನಕ್ಕರು. ಆಮೇಲೆ ಆತ ಹಾಡಿಸಿ ತೋರಿಸಲು ಹೋದಾಗ, “ಅದು ಮನೆಗೆ ಹೋಗಿ ಕೇಳ್ತೆ, ಹಿಂದೆ ಎಂತ ಕಾಣ್ತದೆ ತೋರ್ಸು” ಎಂದು ಅವನ ಅಂಗಡಿಯ ಬಾಗಿಲನ್ನೇ ಪರದೆಯಲ್ಲಿ ನೋಡುತ್ತ ಬಹಳ ಹೊತ್ತು ಕುಳಿತರು.

ಕೂರಿಸಿದ್ದು ಹೊನ್ನಾವರದ ಬಸ್ ಸ್ಟ್ಯಾಂಡಿನ ಹತ್ತಿರದ ಕಾರ್ ಇಲೆಕ್ಟ್ರಿಕ್ ಕೆಲಸದವನು. ಕ್ಯಾಮೆರಾ ಹಾಕಿ ನೋಡಿದರೆ ಪರದೆಯಲ್ಲಿ ಎಡ ಬಲ ಅದಲುಬದಲು. ಎಡಗಡೆಯ ಗೋಡೆ ಬಲಕ್ಕೆ ಕಾಣುತ್ತದೆ, ಬಲಗಡೆಯದು ಎಡಕ್ಕೆ. ಅವನು ಪೆಚ್ಚಾಗಿ, “ಇದು ಕಾರಿನ ಮುಂದೆ ಹಾಕೂ ನಮೂನೆದು. ಒಳಗೆ ಒಂದು ವೈರ್ ಕಟ್ ಮಾಡಿದ್ರೆ ತಿರುಗ್ತದೆ. ಬಿಚ್ಚಬೇಕು ಅಕ್ಕೋರೆ, ನಾಳೆ ಬನ್ನಿ” ಎಂದ.

“ಅಡ್ಡಿಲ್ಲ, ಬಿಡು. ಮಕ್ಕಳ ಎದುರು ನಿಂತವ್ಳಿಗೆ ಅವ್ರ ಎಡ ಯಾವಾಗ್ಲೂ ಬಲವೇ. ಇಷ್ಟು ವರ್ಷ ಹಂಗೇ ಬದುಕಿದ್ದೆ.”

ಮತ್ತು ಕಲಿತರು. ಪರದೆಯಲ್ಲಿ ಗೋಡೆ ಬಲಕ್ಕೆ ಹತ್ತಿರ ಬಂದರೆ ನಿಜದಲ್ಲಿ ಎಡದ ಗೋಡೆ ಹತ್ತಿರ ಬಂದಿದೆ ಎಂದು ಲೆಕ್ಕ. ಮೊದಮೊದಲು ಅಂಗುಲ ಅಂಗುಲವಾಗಿ, ಬಾಯಲ್ಲಿ ಹೇಳಿಕೊಳ್ಳುತ್ತ. ಆಮೇಲೆ ಬಾಯಿಯೂ ನಿಂತಿತು, ಕೈ ತಾನಾಗಿ ತಿರುಗಿಸತೊಡಗಿತು. ಅವರ ತಮ್ಮ ಜಗಲಿಯ ಮೇಲೆ ಕೈಕಟ್ಟಿ ನಿಂತು ನೋಡಿದರು. ಕೂಗಲು ಏನೂ ಇರಲಿಲ್ಲ. ಓಣಿಯ ಮಕ್ಕಳಿಗೆ ನಿರಾಸೆಯಾಯಿತು. ಅಕ್ಕೋರು ಹಿಂದಕ್ಕೆ ಬರುವ ಮೊದಲು ಹಾರ್ನ್ ಒತ್ತಿ ಎಲ್ಲ ಮಕ್ಕಳನ್ನೂ ಗೇಟಿನೊಳಗೆ ಕಳಿಸುತ್ತಿದ್ದರು. ಸೇತುವೆಯ ಆಚೆ ತಾವೇ ಎತ್ತಿದ ಆಕ್ಷೇಪಕ್ಕೆ ಅವರು ಕಂಡುಕೊಂಡ ಪರಿಹಾರ ಅದು. ಆ ದಿನಗಳಲ್ಲಿ ಅವರು ಕಾರಣವಿಲ್ಲದೆ ಕಾರು ತೆಗೆಯುತ್ತಿದ್ದರು. ಅಘನಾಶಿನಿಗೆ ಹೋಗಿ ದಡದಲ್ಲಿ ಬಳಚು ಎಂಬ ಚಿಪ್ಪುಮೀನು ಆರಿಸುವವರ ಹತ್ತಿರ ಜಗಳವಾಡಿ ಬರುವರು. ಕತಗಾಲದಲ್ಲಿ ಯಾರದೋ ಮನೆಯ ಊಟಕ್ಕೆ ಹೋಗಿ ಊಟಕ್ಕೆ ಮೊದಲೇ ಮನಸ್ಸು ತಿರುಗಿ ಬರುವರು. ಪರದೆಯಲ್ಲಿ ಸಿನಿಮಾ ನೋಡಿದ್ದನ್ನು ನಾನಂತೂ ಕಂಡಿಲ್ಲ.

ಮುಂದಿನ ವರ್ಷದ ಚೌತಿ. ಬೆಳಿಗ್ಗೆ ಮಳೆ ಹನಿಯುತ್ತಿತ್ತು. ಅಕ್ಕೋರು ಹೂವು ತರಲು ಕಾರು ತೆಗೆದರು. ಓಣಿಯಲ್ಲಿ ಎಂದಿನಂತೆ ಹಿಂದಕ್ಕೆ ಬರುತ್ತ, ಗೋಡೆ ಹತ್ತಿರವಾದದ್ದನ್ನು ಪರದೆಯಲ್ಲಿ ಕಂಡು ಸ್ಟೇರಿಂಗ್ ತಿರುಗಿಸಿದರು. ಗೋಡೆ ದೂರವಾಗುವ ಬದಲು ಇನ್ನೂ ಹತ್ತಿರ ಬಂತು. ಇನ್ನಷ್ಟು ತಿರುಗಿಸಿದರು. ಆಚೆ ಮನೆಯ ಗೋಡೆ ಮುಗಿಯುವಲ್ಲಿ ಅವರ ತುಳಸಿಕಟ್ಟೆ. ಕಾರಿನ ಹಿಂಬದಿ ಹೋಗಿ ಅದಕ್ಕೆ ಬಡಿಯಿತು. ಕಟ್ಟೆ ಬಿರುಕು ಬಿಟ್ಟು ಒಂದು ಬದಿ ಕುಸಿಯಿತು. ಯಾರಿಗೂ ಗಾಯವಾಗಲಿಲ್ಲ. ಆದರೆ ಹಬ್ಬದ ದಿನ, ಎಲ್ಲ ಮನೆಯವರೂ ಬಾಗಿಲಲ್ಲಿದ್ದರು. ದೇವರ ವಿಷಯದಲ್ಲಿ ಯಾರ ಹತ್ತಿರವೂ ಸೋಲದ ಅಕ್ಕೋರು ಮಣ್ಣಿನಲ್ಲಿ ಬಿದ್ದ ತುಳಸಿಗಿಡವನ್ನು ಎರಡೂ ಕೈಯಲ್ಲಿ ಎತ್ತಿ ಆಚೆ ಮನೆಯಾಕೆಗೆ ಕೊಟ್ಟು, “ತಪ್ಪಾತು ತಂಗಿ” ಎಂದರಂತೆ. ಒಳಗೆ ಬಂದು ತಮ್ಮನ ಎದುರು ಕೀಲಿ ಇಟ್ಟು, “ನನ್ನ ತಲೆ ಹೋತು” ಎಂದರಂತೆ.

ಮಧ್ಯಾಹ್ನ ನಾನು ಹೋದಾಗ ಹೇಳಿದರು: “ಎಡ ಯಾವ್ದು ಬಲ ಯಾವ್ದು ಅಂತ ತಲೆಗೆ ಗೊತ್ತಾಗ್ಲಿಲ್ಲ. ಕುತ್ತಿಗೆ ಹೋದ್ರೆ ಪರದೆ ಹಾಕ್ಸಬಹುದು. ತಲೆ ಹೋದ್ರೆ ಎಂತ ಹಾಕ್ಸೂದು?”

ಇದೇ ಆ ವೈರಾಗ್ಯ.

ಆಮೇಲೆ ಅವರು ಒಪ್ಪಿಕೊಳ್ಳತೊಡಗಿದರು. ನನಗೆ ಎಲ್ಲಕ್ಕಿಂತ ಸಂಕಟವಾದದ್ದು ಅದು. ನಾನು ಬೇಕೆಂದೇ ಅಡ್ಡಾದಿಡ್ಡಿ ಮಾತು ತೆಗೆಯುತ್ತಿದ್ದೆ, ಜಗಳಕ್ಕೆ ಬರಲಿ ಎಂದು. ಹೆಂಗಸರಿಗೆ ಕಾನೂನು ಸರಿಹೊಂದುವುದಿಲ್ಲ ಎಂದು ಹಿರಿಯ ವಕೀಲರೊಬ್ಬರು ಅಂದದ್ದು ಸರಿಯೇ ಇರಬೇಕು ಎಂದೆ ಒಮ್ಮೆ. ಹಿಂದಿನ ಅಕ್ಕೋರಾಗಿದ್ದರೆ ನನ್ನನ್ನು ಜಗಲಿಯಿಂದ ಇಳಿಸುತ್ತಿದ್ದರು. “ನಿಂಗೆ ಹಂಗೆ ಕಂಡ್ರೆ ಹಂಗೇ ಇರ್ಬೋದು” ಎಂದರು. ಹಾಲಿನವನು ಸೆಕೆ ಎಂದರೆ ಹೌದು, ಅವನ ಹೆಂಡತಿ ಚಳಿ ಎಂದರೆ ಅದಕ್ಕೂ ಹೌದು.

ಸಂಜೆ ನಿಂತ ಕಾರಿನಲ್ಲಿ ಹೋಗಿ ಕೂರುತ್ತಿದ್ದರು. ಅಕ್ಕೋರಿಗೆ ಶೋಕಿ, ಟೀವಿಯ ಹುಚ್ಚು ಎಂಬ ಮಾತು ಓಣಿಯಲ್ಲಿ ಹುಟ್ಟಿದ್ದು ಆಗಲೇ. ಪರದೆ ಹೊತ್ತಿರುತ್ತಿತ್ತು, ಅದು ನಿಜ; ಅದರಲ್ಲಿ ಕಾಣುತ್ತಿದ್ದದ್ದು ಮಾತ್ರ ಕಾರಿನ ಹಿಂದಿನ ಓಣಿ. ಒಮ್ಮೆ ನಾನು ಗೇಟು ತೆಗೆದು ಕಾರಿನ ಹಿಂದೆ ಬಂದು ನಿಂತಾಗ ಒಂದು ದನ ಓಣಿಯಲ್ಲಿ ಹಾದುಹೋಯಿತು. ಒಳಗಿಂದ ಅಕ್ಕೋರು ಕೇಳಿದರು:

“ತಂಗಿ, ದನ ಯಾವ ಗೋಡೆ ಬದಿಗೆ ಹೋತು? ನಮ್ದಾ, ಆಚೆ ಮನೆಯವ್ರದ್ದಾ?”

“ನಿಮ್ದೇ ಬದಿಗೆ.”

“ಹೌದಾ. ನಂಗೆ ಆಚೆಗೆ ಹೋದ ಹಂಗೇ ಕಂಡ್ತು.” ಪರದೆಯನ್ನು ಸೆರಗಿನಿಂದ ಒಮ್ಮೆ ಒರೆಸಿ, “ನೀ ಹೇಳೂದೇ ಸರಿ ಇರ್ಬೇಕು.”

ತಲೆ ಎಷ್ಟು ಹೋಗಿದೆ ಎಂದು ಅವರು ಪ್ರತಿ ಸಂಜೆ ತಾವೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದರು. ಪ್ರತಿ ಸಂಜೆ ತಪ್ಪು ಬರುತ್ತಿತ್ತು. ಎರಡು ಮಳೆಗಾಲ ಹೀಗೇ ಕಳೆಯಿತು. ಆಮೇಲೆ ಒಂದು ಬೆಳಿಗ್ಗೆ ಏಳಲಿಲ್ಲ, ಹೃದಯ ನಿಂತಿತ್ತು.

ಶ್ರದ್ಧಾಂಜಲಿಯ ನಂತರದ ವಾರ ಹೊನ್ನಾವರದ ಕೋರ್ಟಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಹತ್ತಿರ ಆ ಕಾರ್ ಇಲೆಕ್ಟ್ರಿಕ್ ಕೆಲಸದವನು ಗುರುತು ಹಿಡಿದು ಕರೆದ. ಸುದ್ದಿ ತಿಳಿದು ಬೇಜಾರು ಮಾಡಿಕೊಂಡ. ಆಮೇಲೆ ಸಹಜವಾಗಿ ಕೇಳಿದ:

“ಆ ಪರದೆ ಆಮೇಲೆ ಸಮಾ ಇತ್ತಾ? ಅವ್ರ ತಮ್ಮ ಬಂದು ತಿರುಗಿಸ್ಕಂಡು ಹೋದ್ರಲ್ಲ.”

“ಯಾವಾಗ?”

“ಚೌತಿ ಮುನ್ನಾ ದಿನ. ಹೆಂಡತಿ ಮನೆಗೆ ಹಬ್ಬದ ಸಾಮಾನು ಕೊಡೂಕೆ ಬಂದಿದ್ರು ಕಾರು ತಕಂಡು. ಎಡಬಲ ಉಲ್ಟಾ ಕಾಣ್ತದೆ, ಸರಿ ಮಾಡು ಅಂದ್ರು. ವೈರ್ ಕಟ್ ಮಾಡ್ಕೊಟ್ಟೆ. ಅಕ್ಕೋರು ಎಂತ ಅಂದ್ರು?”

ಅಕ್ಕೋರ ತಲೆಗೆ ಏನೂ ಆಗಿರಲಿಲ್ಲ. ಅವರ ಕೈ ಕಲಿತದ್ದನ್ನು ಸರಿಯಾಗಿಯೇ ಮಾಡಿತ್ತು. ಯಂತ್ರ ಬದಲಾಗಿರಬಹುದು ಎಂದು ಅವರಿಗೆ ಯಾಕೆ ಹೊಳೆಯಲಿಲ್ಲ ಎಂದು ಯಾರಾದರೂ ಕೇಳಬಹುದು. ಮೊದಲ ಅನುಮಾನ ತನ್ನ ಮೇಲೆ ಇಟ್ಟುಕೊಂಡವರು ಅವರು. ಈ ಸಲ ಎರಡನೆಯ ಅನುಮಾನದವರೆಗೆ ಅವರು ಹೋಗಲೇ ಇಲ್ಲ.

ಕುಮಟೆಗೆ ಬರುವ ಬಸ್ಸಿನಲ್ಲಿ ತಮ್ಮನ ಪರವಾಗಿ ನಾನೇ ವಾದ ಮಾಡಿದೆ. ಅಂದು ಓಡಿಸಿದವರು ಅವರು. ಉಲ್ಟಾ ಕಂಡದ್ದನ್ನು ಯಾರಾದರೂ ಸರಿ ಮಾಡಿಸುತ್ತಾರೆ. ಅಕ್ಕನಿಗೆ ಒಳ್ಳೆಯದಾಗಲಿ ಎಂದೇ ಮಾಡಿಸಿರಬಹುದು. ಹಬ್ಬದ ಗಡಿಬಿಡಿಯಲ್ಲಿ ಹೇಳಲು ಮರೆತಿರಬಹುದು. ಹೆದರಿಕೆಯ ಮನುಷ್ಯ, ಕಟ್ಟೆ ಬಿದ್ದ ಮೇಲೆ ಹೇಳುವ ಧೈರ್ಯ ಬಂದಿರಲಿಕ್ಕಿಲ್ಲ. ಇಲ್ಲಿಯವರೆಗೆ ವಾದ ನಿಲ್ಲುತ್ತದೆ. ಆದರೆ ಆಮೇಲೆ ಎರಡು ಮಳೆಗಾಲಗಳಿದ್ದವು, ಪ್ರತಿ ಸಂಜೆ ಆ ಕಾರಿತ್ತು, ಜಗಲಿಯಲ್ಲಿ ಅವರು ಇರುತ್ತಿದ್ದರು.

ನಾನು ಮನೆಗೆ ಹೋದಾಗ ಅಕ್ಕೋರ ತಮ್ಮ ಜಗಲಿಯಲ್ಲೇ ಇದ್ದರು. ಕೂರಿಸಿದರು, ಒಳಗೆ ಚಾಕ್ಕೆ ಹೇಳಿದರು. ಕಾರು ನೋಡಲು ನಾಳೆ ಅಂಕೋಲೆಯಿಂದ ಯಾರೋ ಬರುತ್ತಾರೆ ಎಂದರು. “ಅಕ್ಕನೇ ಬಿಟ್ಟಳು, ಅವತ್ತು ನಾ ಬಿಡು ಅಂದವ್ನಲ್ಲ” ಎಂದು ಮತ್ತೆ ಹೇಳಿದರು. ಹೊನ್ನಾವರದಲ್ಲಿ ನಾನು ಕೇಳಿದ್ದನ್ನು ಹೇಳಿದೆ. ಅವರು ಚಾ ಲೋಟವನ್ನು ನನ್ನ ಕಡೆಗೆ ಸರಿಸಿ ಕೈ ಹಿಂದಕ್ಕೆ ತೆಗೆದುಕೊಂಡರು.

“ಮಾಮಾ, ಅಕ್ಕೋರು ನಿಮ್ಮ ಎದುರು ಕೀಲಿ ಇಟ್ಟು ತನ್ನ ತಲೆ ಹೋತು ಅಂದಾಗ, ತಿರುಗಿಸಿದ್ದು ನಾನು ಅಂತ ನೀವು ಎಂತಕೆ ಹೇಳ್ಲಿಲ್ಲ?”